ಬಾಯಿಲ್ಲದ ಹಂಡೆ: ಗೀಸರ್ ಕೂರಿಸಲು ಕಲಿಯುವವರಿಗೆ ಒಂದು ಟಿಪ್ಪಣಿ

ಹಳೆಯ ಬಚ್ಚಲಮನೆಯ ತಾಮ್ರದ ಹಂಡೆಗೆ ಅಗಲವಾದ ಬಾಯಿ ಇತ್ತು. ನೀರು ಎಷ್ಟೇ ಕುದಿದರೂ ಹಬೆ ಮೇಲೆದ್ದು ಹೋಗುತ್ತಿತ್ತು, ಒಲೆಯ ಹೊಗೆ ಹೆಂಚಿನ ಸಂದಿಯಿಂದ ಆಚೆ ಹೋಗುತ್ತಿತ್ತು. ಗೀಸರ್ ಕೂಡ ಹಂಡೆಯೇ, ಆದರೆ ಅದರ ಬಾಯಿ ಮುಚ್ಚಿದೆ. ಎಲೆಕ್ಟ್ರಿಷಿಯನ್ ಟ್ರೇಡಿನ ಈ ಪಾಠ ನನಗೆ ಹಿಡಿಗೆ ಸಿಕ್ಕಿದ್ದು ಒಂದೇ ಪ್ರಶ್ನೆಯಿಂದ: ಒಳಗೆ ಹುಟ್ಟುವ ಒತ್ತಡ, ಸೋರುವ ಕರೆಂಟು, ಉರಿದ ಗಾಳಿ, ಇವು ಹೊರಗೆ ಹೋಗುವ ದಾರಿ ಯಾವುದು?

ಮೊದಲು ಒತ್ತಡ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 75 ಡಿಗ್ರಿಗೆ ಕಾಯಿಸಿದರೆ ಅದು ಸುಮಾರು 340 ಮಿಲಿಲೀಟರ್‌ನಷ್ಟು ಹಿಗ್ಗುತ್ತದೆ. ಹೆಚ್ಚುಕಡಿಮೆ ಎರಡು ಲೋಟ ನೀರು. ಪೈಪಿನಲ್ಲಿ ತಡೆಯಿಲ್ಲದಿದ್ದರೆ ಅದು ಬಂದ ದಾರಿಯಲ್ಲೇ ಮೇಲಿನ ಟ್ಯಾಂಕಿನ ಕಡೆಗೆ ಹಿಂದೆ ಸರಿಯುತ್ತದೆ. ಆದರೆ ತಣ್ಣೀರಿನ ಪೈಪಿಗೆ ನಾವು ಹಾಕುವ ಸುರಕ್ಷತಾ ವಾಲ್ವಿನೊಳಗೆ ನಾನ್ ರಿಟರ್ನ್ ವಾಲ್ವ್ ಕೂಡ ಇರುವುದರಿಂದ ಹಿಂದಕ್ಕೆ ಹೋಗುವಂತಿಲ್ಲ. ಆಗ ಅದೇ ವಾಲ್ವಿನ ಪಕ್ಕದ ಸಣ್ಣ ಮೂತಿಯಿಂದ ನೀರು ತೊಟ್ಟಿಕ್ಕುತ್ತದೆ. ಮನೆಯವರು ಅದನ್ನು 'ಲೀಕ್' ಎನ್ನುತ್ತಾರೆ. ನಾನು ಅಭ್ಯಾಸಕ್ಕೆ ಹೋದ ಒಂದು ಮನೆಯಲ್ಲಿ ಯಾರೋ ಆ ಮೂತಿಗೆ ಎಂಡ್ ಕ್ಯಾಪ್ ಹಾಕಿ ಮುಚ್ಚಿಬಿಟ್ಟಿದ್ದರು. ನೋಡಿದಾಗ ನಿಜಕ್ಕೂ ಎದೆ ಝಲ್ಲೆಂದಿತು.

ಯಾಕೆಂದರೆ ನೀರು ಸಾಕಷ್ಟು ಕಾದ ಮೇಲೆ ಕರೆಂಟ್ ನಿಲ್ಲಿಸುವ ಥರ್ಮೋಸ್ಟಾಟಿನ ಕಾಂಟ್ಯಾಕ್ಟ್ ಒಂದಕ್ಕೊಂದು ಅಂಟಿಕೊಂಡು, ಅದು ಸೋತಾಗ ಕರೆಂಟ್ ಕಡಿಯಬೇಕಾದ ಥರ್ಮಲ್ ಕಟೌಟ್ ಕೂಡ ಕೈಕೊಟ್ಟರೆ, ಮುಚ್ಚಿದ ಟ್ಯಾಂಕಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಒತ್ತಡ 8 ಬಾರ್ ಇದ್ದಾಗ ಕುದಿಯುವ ಬಿಂದು 170 ಡಿಗ್ರಿಗೂ ಮೇಲಿರುತ್ತದೆ. ಆ ಸ್ಥಿತಿಯಲ್ಲಿ ಟ್ಯಾಂಕ್ ಬಿರಿದರೆ ನೀರಿನ ಒಂದು ಪಾಲು ಕ್ಷಣದಲ್ಲಿ ಹಬೆಯಾಗಿ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತದೆ. ಗೋಡೆ ಒಡೆಯಲು ಅಷ್ಟು ಸಾಕು. ಆದ್ದರಿಂದ ವಾಲ್ವಿನ ಮೂತಿ ಕೆಳಮುಖವಾಗಿ ತೆರೆದಿರಬೇಕು. ಬೇಕಾದರೆ ಒಂದು ಪೈಪ್ ಜೋಡಿಸಿ ನೆಲದ ಜಾಲರಿಯವರೆಗೆ ಬಿಡಿ. ನೀರು ನಿಲ್ಲಿಸುವ ಕಾಕ್ ಸುರಕ್ಷತಾ ವಾಲ್ವಿಗಿಂತ ಮೊದಲೇ ಬರಬೇಕು. ವಾಲ್ವ್ ಮತ್ತು ಗೀಸರಿನ ನಡುವೆ ಬೇರೇನೂ ಇರಕೂಡದು.

ಈಗ ಕರೆಂಟು. 2 ಕಿಲೋವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ಟಿನ ಮಾತು ಬೇಡವೇ ಬೇಡ. ಡಿಬಿಯಿಂದ (ಮನೆಯ ಕರೆಂಟ್ ಹಂಚುವ ಪೆಟ್ಟಿಗೆ) ನೇರವಾಗಿ 2.5 ಚದರ ಮಿಲಿಮೀಟರ್ ತಾಮ್ರದ ವೈರ್, 16 ಆಂಪಿಯರ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್), ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಸ್ವಿಚ್. ಆ ಸ್ವಿಚ್ ಬಚ್ಚಲಿನ ಹೊರಗೇ ಇರಲಿ.

ಅರ್ಥಿಂಗ್ ವಿಷಯದಲ್ಲಿ ನಮ್ಮಲ್ಲಿ ಬಹಳ ಮಂದಿ ಎಡವುತ್ತಾರೆ. 'ಅರ್ಥಿಂಗ್ ಇದೆ, ಎಂಸಿಬಿ ಇದೆ, ಇನ್ನೇನು?' ಅನ್ನುತ್ತಾರೆ. ಲೆಕ್ಕ ಹಾಕಿ ನೋಡೋಣ. ಮನೆಗೆ ತನ್ನದೇ ಅರ್ಥ್ ಗುಂಡಿ ಮಾತ್ರ ಇದೆ, ಬೇಸಿಗೆಯಲ್ಲಿ ಒಣಗಿ ಅದರ ರೆಸಿಸ್ಟೆನ್ಸ್ 20 ಓಮ್ ಆಗಿದೆ ಎಂದಿಟ್ಟುಕೊಳ್ಳಿ. ನೀರು ಕಾಯಿಸುವ ಎಲಿಮೆಂಟಿನ ಕವಚ ಸೀಳಿ ಫೇಸ್ ಟ್ಯಾಂಕಿಗೆ ತಾಗಿತು. ಹರಿಯುವುದು 230 ಭಾಗಿಸು 20, ಅಂದರೆ 11.5 ಆಂಪಿಯರ್. 16 ಆಂಪಿಯರ್ ಎಂಸಿಬಿ ಅದನ್ನು ಮಾಮೂಲಿ ಲೋಡ್ ಎಂದುಕೊಂಡು ಸುಮ್ಮನಿರುತ್ತದೆ. ಟ್ಯಾಂಕ್, ನಲ್ಲಿ, ನೀರು ಎಲ್ಲದರಲ್ಲೂ ಕರೆಂಟ್! ಇಲ್ಲಿ ನಮ್ಮನ್ನು ಕಾಪಾಡುವುದು, ಸ್ವಲ್ಪ ಕರೆಂಟ್ ಸೋರಿದರೂ ತಾನೇ ಬಿದ್ದು ಲೈನ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಮಾತ್ರ. ಹಾಗಂತ ಅರ್ಥಿಂಗ್ ಬಿಡುವಂತಿಲ್ಲ. ಅರ್ಥಿಂಗ್ ಇದ್ದರೆ ಆರ್‌ಸಿಸಿಬಿ ದೋಷ ಹುಟ್ಟಿದ ಕೂಡಲೇ ಬೀಳುತ್ತದೆ, ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಕಾಯುತ್ತದೆ. ಇನ್ನು ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕುವ ಕೆಟ್ಟ ಚಾಳಿ ಕಂಡರೆ ದಯವಿಟ್ಟು ಕಿತ್ತುಹಾಕಿ. ನ್ಯೂಟ್ರಲ್ ಎಲ್ಲಾದರೂ ಕಡಿದ ದಿನ ಗೀಸರಿನ ಮೈಯೇ ಫೇಸ್ ಆಗಿಬಿಡುತ್ತದೆ.

ಗ್ಯಾಸ್ ಗೀಸರಿಗೆ ಇನ್ನೊಂದು ಲೆಕ್ಕ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರ್ ಪೂರ್ತಿ ಉರಿದರೆ ಗಂಟೆಗೆ ಒಂದು ಕಿಲೋ ಹತ್ತಿರ ಎಲ್‌ಪಿಜಿ ಬೇಕು. ಒಂದು ಕಿಲೋ ಎಲ್‌ಪಿಜಿ ಸರಿಯಾಗಿ ಉರಿಯಲು ಸುಮಾರು 13 ಘನ ಮೀಟರ್ ಗಾಳಿ ಬೇಕು. ನಮ್ಮ 5×7 ಅಡಿಯ ಬಚ್ಚಲಿನಲ್ಲಿ ಇರುವ ಗಾಳಿ ಎಂಟು ಘನ ಮೀಟರೂ ಇಲ್ಲ. ಚಳಿಯೆಂದು ಕಿಟಕಿ ಮುಚ್ಚಿ, ಇಬ್ಬರು ಒಬ್ಬರಾದ ಮೇಲೊಬ್ಬರು ಸ್ನಾನ ಮಾಡಿದರೆ ಉರಿಗೆ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಗಟ್ಟಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಸುತ್ತು, ಆಮೇಲೆ ಚಿಲಕ ತೆಗೆಯಲೂ ಕೈಯಲ್ಲಿ ಬಲವಿರುವುದಿಲ್ಲ. ಎಕ್ಸಾಸ್ಟ್ ಫ್ಯಾನ್ ಇದೆಯೆಂದು ಒಪ್ಪಿಕೊಳ್ಳಬೇಡಿ, ಕರೆಂಟ್ ಹೋದರೆ ಅದೂ ನಿಲ್ಲುತ್ತದೆ. ಗ್ಯಾಸ್ ಗೀಸರಿನ ಜಾಗ ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿ ಅಥವಾ ಹಿತ್ತಲ ಗೋಡೆಯ ಮೇಲೆ. ಒಳಗೆ ಬರಬೇಕಾದ್ದು ಬಿಸಿನೀರಿನ ಪೈಪ್ ಒಂದೇ. ಮನೆಯವರು ಒಪ್ಪದಿದ್ದರೆ ಆ ಕೆಲಸ ಬಿಟ್ಟು ಬನ್ನಿ.

ಗೋಡೆಯ ವಿಷಯ ಚಿಕ್ಕದು: 25 ಲೀಟರ್ ಗೀಸರಿನಲ್ಲಿ ನೀರೇ 25 ಕಿಲೋ, ಟ್ಯಾಂಕಿನ ತೂಕ ಬೇರೆ. ಆ್ಯಂಕರ್ ಬೋಲ್ಟ್ ಗಾರೆಯಲ್ಲಿ ನಿಲ್ಲದು, ಇಟ್ಟಿಗೆ ಅಥವಾ ಕಾಂಕ್ರೀಟಿನೊಳಗೆ ಇಳಿಯಬೇಕು.

ಎಲ್ಲ ಜೋಡಿಸಿದ ಮೇಲೆ ಸ್ವಿಚ್ ಹಾಕುವ ಆತುರ ಬೇಡ. ಬಿಸಿನೀರಿನ ನಲ್ಲಿ ತೆರೆದು, ಗಾಳಿ ಬುಸುಗುಟ್ಟುವುದು ನಿಂತು ನೀರು ಒಂದೇ ಧಾರೆಯಾಗಿ ಬರುವವರೆಗೆ ಕಾಯಿರಿ. ಒಣ ಟ್ಯಾಂಕಿನಲ್ಲಿ ಎಲಿಮೆಂಟ್ ಸುಟ್ಟುಹೋಗುತ್ತದೆ. ಆಮೇಲೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳುತ್ತದೆಯೇ ನೋಡಿ, ಸ್ವಿಚ್ ಹಾಕಿ. ಹದಿನೈದು ಲೀಟರಿನ ಗೀಸರ್ 25ರಿಂದ 60 ಡಿಗ್ರಿಗೆ ಕಾಯಲು ಹದಿನೆಂಟು, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತು ಅಲ್ಲೇ ನಿಂತು, ವಾಲ್ವಿನ ಮೂತಿಯ ಕೆಳಗೆ ಒಂದು ಲೋಟ ಇಟ್ಟು, ಮನೆಯವರನ್ನು ಕರೆದು ಆ ಹನಿಗಳನ್ನು ತೋರಿಸಿ, ಅವು ಯಾಕೆ ಬೀಳುತ್ತಿವೆ ಎಂದು ಹೇಳಿ ಬನ್ನಿ.