ಮೂಲೆ ಹುಡುಕುವಾಗ ಎಷ್ಟು ದೂರ ನೋಡಬೇಕು?

ಪುಣೆಯ ಭೋಸರಿ, ಚಾಕಣ್ ಕಡೆ ಪ್ರೆಸ್ ಶಾಪ್‌ಗಳಲ್ಲಿ (ತಗಡು ಒತ್ತಿ ಪಾರ್ಟು ಮಾಡುವ ಕಡೆ) ಕ್ಯಾಮೆರಾ ತಪಾಸಣೆ ನೋಡಿಕೊಳ್ಳುವ ಕನ್ನಡಿಗ ಎಂಜಿನಿಯರುಗಳಿಗೆ ಈ ತಲೆನೋವು ಗೊತ್ತಿರುತ್ತದೆ: ಬ್ರಾಕೆಟ್ಟಿನ ಅಂಚಿನಲ್ಲಿ ಇಲ್ಲದ ಮೂಲೆಗಳು ಸಾಲುಸಾಲಾಗಿ ಕಾಣುತ್ತವೆ, ಇರುವ ನಾಚ್ (ಅಂಚಿನಲ್ಲಿ ಕತ್ತರಿಸಿದ ಸಣ್ಣ ಕಚ್ಚು) ಮಾತ್ರ ಸಿಗುವುದಿಲ್ಲ. ಆಗ ಥ್ರೆಶೋಲ್ಡ್ (ಎಷ್ಟು ಬಾಗಿದರೆ ಮೂಲೆ ಅನ್ನುವ ಮಿತಿ) ತಿದ್ದುತ್ತಾ ಕೂತರೆ ದಿನ ಹಾಳು. ಮೊದಲು ನೋಡಬೇಕಾದ್ದು, ಅಂಚಿನ ಪ್ರತಿ ಚುಕ್ಕಿಯಲ್ಲಿ (ಪಿಕ್ಸೆಲ್‌ನಲ್ಲಿ) ಕೋನ ಅಳೆಯಲು ಅದರ ಹಿಂದೆ ಮುಂದೆ ಎಷ್ಟು ಚುಕ್ಕಿ ಲೆಕ್ಕಕ್ಕೆ ತಗೊಂಡಿದ್ದೀರಿ ಅನ್ನುವುದನ್ನು. ಇದನ್ನೇ ಕೆ ಎನ್ನೋಣ.

ಪಿಕ್ಸೆಲ್ ಗೆರೆಗೆ ಇರುವುದು ಎಂಟೇ ದಿಕ್ಕು, 45 ಡಿಗ್ರಿಗೊಂದು. ಹಾಗಾಗಿ ನೇರವಾದ ಓರೆಗೆರೆಯೂ ಮೆಟ್ಟಿಲಾಗುತ್ತದೆ. ನಾಲ್ಕು ಹೆಜ್ಜೆಗೆ ಒಂದು ಏರುವ ಗೆರೆಯನ್ನು ಚೌಕುಳಿ ಹಾಳೆಯಲ್ಲಿ ಬರೆಯಿರಿ: (3,0), (4,1), (5,1), (6,1), (7,1), (8,2), ಹೀಗೆ (11,2)ರವರೆಗೆ. (7,1)ರಲ್ಲಿ ಕೆ 1 ಇಟ್ಟರೆ ಅಕ್ಕಪಕ್ಕದವು (6,1) ಮತ್ತು (8,2). ಕೋನ 135 ಡಿಗ್ರಿ, ಅಂದರೆ ಸುಳ್ಳು ಮೂಲೆ. ಕೆ 4 ಮಾಡಿ: (3,0) ಮತ್ತು (11,2). ಕೋನ ಸರಿಯಾಗಿ 180.

ಹಾಗಂತ ಕೆ ಏರಿಸುತ್ತಾ ಹೋಗುವಂತಿಲ್ಲ. ಆರು ಪಿಕ್ಸೆಲ್ ಅಗಲ, ಎರಡು ಪಿಕ್ಸೆಲ್ ಆಳದ ನಾಚಿನ ಮೂಲೆಯಿಂದ 10 ಹೆಜ್ಜೆ ಹೋದರೆ ಆಚೆ ಬದಿಯ ನೇರ ಅಂಚೇ ಸಿಗುತ್ತದೆ. ಕೋನ ಮತ್ತೆ 180ರ ಆಸುಪಾಸು, ನಾಚ್ ಮಾಯ. ಇಡೀ ಅಂಚಿಗೆ ಒಂದೇ ಕೆ ಸಾಮಾನ್ಯವಾಗಿ ಸಾಲದು.

ಸಂಶೋಧಕರಾದ ರೋಸೆನ್‌ಫೆಲ್ಡ್ ಮತ್ತು ಜಾನ್‌ಸ್ಟನ್ 1973ರಲ್ಲೇ ದೊಡ್ಡ ಕೆಯಿಂದ ಶುರುಮಾಡಿ, ಕೋನದ ಕೋಸೈನ್ (ಮೂಲೆ ಚೂಪಾದಷ್ಟೂ ಇದು ಹೆಚ್ಚು) ಏರುತ್ತಿರುವಷ್ಟು ಹೊತ್ತು ಅದನ್ನು ಇಳಿಸುತ್ತಾ ಬಂದರು. ಆದರೂ ಆರಂಭದ ಕೆಯನ್ನು ನಾವೇ ಕೊಡಬೇಕು. 1989ರ ಟೆಹ್–ಚಿನ್ ವಿಧಾನಕ್ಕೆ ಅದೂ ಬೇಡ. ಚುಕ್ಕಿಯ ಎರಡೂ ಕಡೆಗೆ ಒಂದೊಂದೇ ಹೆಜ್ಜೆ ಸರಿಯುತ್ತಾ ತುದಿಗಳನ್ನು ಸೇರಿಸಿ ಜ್ಯಾ ಎಳೆಯಿರಿ. ಜ್ಯಾ ಉದ್ದವಾಗುವುದು ನಿಂತರೆ, ಇಲ್ಲವೇ ಚುಕ್ಕಿಗೂ ಜ್ಯಾಕ್ಕೂ ಇರುವ ಲಂಬದೂರವನ್ನು ಜ್ಯಾದ ಉದ್ದದಿಂದ ಭಾಗಿಸಿದಾಗ ಬರುವ ಅಂಕಿ ಹೆಚ್ಚುವುದು ನಿಂತರೆ, ಅಲ್ಲಿಗೆ ಆ ಚುಕ್ಕಿಯ ಕೆ ಮುಗಿಯಿತು. ಕೋನ ಅಳೆಯುವ ಸೂತ್ರಕ್ಕಿಂತ ಈ ವ್ಯಾಪ್ತಿಯನ್ನು ಸರಿಯಾಗಿ ಗುರುತಿಸುವುದೇ ಮುಖ್ಯ ಎಂಬುದು ಅವರ ವಾದ. ಅದು ನೂರಕ್ಕೆ ನೂರು ಸರಿ.

ಓಪನ್‌ಸಿವಿ ಎಂಬ ಚಿತ್ರ ವಿಶ್ಲೇಷಣೆಯ ತಂತ್ರಾಂಶ ಬಳಸುವವರು ಇಲ್ಲಿ ಜೋಪಾನ. ಅಂಚು ಹುಡುಕುವ ಫೈಂಡ್‌ಕಾಂಟೂರ್ಸ್‌ನಲ್ಲಿ ‘ಸಿಂಪಲ್’ ಆಯ್ಕೆ ಇದ್ದರೆ ಅಡ್ಡ, ಉದ್ದ, ಕರ್ಣದ ನೇರ ತುಂಡುಗಳ ನಡುವಿನ ಚುಕ್ಕಿಗಳೆಲ್ಲ ಹಾರಿಹೋಗುತ್ತವೆ. ಆಮೇಲೆ ಐದು ಚುಕ್ಕಿ ಹಿಂದೆ ಎಂದರೆ ಐದು ಪಿಕ್ಸೆಲ್ಲೋ ಐನೂರೋ ಹೇಳಲಾಗದು. ಯಾವ ಚುಕ್ಕಿಯನ್ನೂ ಬಿಡದ ‘ನನ್’ (NONE) ಆಯ್ಕೆಯನ್ನೇ ಕೊಡಿ. ಅಂಚು ಮುಚ್ಚಿದ ಸುತ್ತಾದ್ದರಿಂದ ಕೊನೆಯ ಚುಕ್ಕಿಯ ನಂತರ ಮೊದಲನೆಯದು ಬರುವಂತೆ ಎಣಿಕೆ ಸುತ್ತಿಸಿ. ಮರೆತರೆ ಶುರುವಿನ ಜಾಗದ ಮೂಲೆ ತಪ್ಪುತ್ತದೆ. ಎಣ್ಣೆ ಮೆತ್ತಿದ ಶೀಟಿಗೆ ಮೇಲಿನ ಬೆಳಕು ಬೇಡ, ಬ್ಯಾಕ್‌ಲೈಟ್ ಹಾಕಿ.

ಎಲ್ಲ ಮುಗಿದ ಮೇಲೆ ಅದೇ ಪಾರ್ಟನ್ನು 15 ಡಿಗ್ರಿ ತಿರುಗಿಸಿ ಮತ್ತೆ ಚಿತ್ರ ತೆಗೆಯಿರಿ. ನಿಜವಾದ ಮೂಲೆಗಳು ಪಾರ್ಟಿನ ಜೊತೆಗೇ ತಿರುಗುತ್ತವೆ. ಮೆಟ್ಟಿಲಿನಿಂದ ಹುಟ್ಟಿದವು ಜಾಗ ಬದಲಿಸುತ್ತವೆ.