ಮಗ್ಗಿ ಬರುತ್ತದೆ, ಮಗನ ಹೆಸರು ಬರುವುದಿಲ್ಲ

"ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ವಿ ಮೇಡಂ. ಹದಿನೈದು ದಿನ ಆಯ್ತು, ಮಾತೇ ಬರ್ತಿಲ್ಲ."

ಲಕ್ವ ಹೊಡೆದು ಮಾತು ನಿಂತವರ ಮನೆಯವರಿಂದ ಇಂಥ ಮಾತನ್ನು ನಾನು ಜಾಸ್ತಿ ಕೇಳುತ್ತೇನೆ. ನಾನು ವಾಕ್ ಚಿಕಿತ್ಸಕಿ. ಆ ದಿನ ಬಂದವರು ದಿನಸಿ ಅಂಗಡಿ ನಡೆಸಿದ್ದ ಹಿರಿಯರು. ಬಲಗೈ ತೊಡೆಯ ಮೇಲೆ ಸುಮ್ನೆ ಬಿದ್ದಿತ್ತು. ಏನು ಕೇಳಿದರೂ "ಅದು... ಅದು..." ಅಷ್ಟೇ. ಪಕ್ಕದಲ್ಲಿದ್ದ ಮಗನನ್ನು ತೋರಿಸಿ, "ಇವರ ಹೆಸರೇನು?" ಅಂದೆ. ತುಟಿ ಅಲುಗಿತು, ಕಣ್ಣು ತುಂಬಿತು. ಹೆಸರು ಬರಲಿಲ್ಲ.

ಆಮೇಲೆ ನಾನು "ಎರಡ್ ಒಂದ್ಲ ಎರಡು" ಅಂತ ಶುರು ಮಾಡಿದೆ. ಅವರೂ ಸೇರಿಕೊಂಡರು. ನಾನು ನಡುವೆ ನಿಲ್ಲಿಸಿದೆ. ಅವರು ನಿಲ್ಲಿಸಲಿಲ್ಲ, ಇಪ್ಪತ್ತರವರೆಗೂ ಸ್ಪಷ್ಟವಾಗಿ ಹೇಳಿ ಮುಗಿಸಿದರು. ಮಗ ಎದ್ದು ನಿಂತುಬಿಟ್ಟ.

ಮಗ್ಗಿ ಹೇಳುವ ನಾಲಿಗೆಗೆ ಏನಾಗಿದೆ? ಏನೂ ಆಗಿಲ್ಲ. ತೊಂದರೆ ಇರುವುದು ಮಿದುಳಿನಲ್ಲಿ, ಎಡ ಕಣತಲೆಯ ಒಳಗಿನ ಒಂದು ಜಾಗದಲ್ಲಿ. ಬೇಕಾದ ಪದ ಹುಡುಕಿ, ಸಾಲು ಕಟ್ಟಿ, ಬಾಯಿಗೆ ಕಳಿಸುವ ಕೆಲಸದಲ್ಲಿ ಆ ಜಾಗದ ಪಾತ್ರ ದೊಡ್ಡದು. ಬಾಲ್ಯದಲ್ಲಿ ಉರು ಹೊಡೆದ ಮಗ್ಗಿ, ವಾರದ ಹೆಸರು, ದೇವರನಾಮ, ನೋವಾದಾಗ ಬರುವ "ಅಯ್ಯೋ" ಇವಕ್ಕೆ ಅಷ್ಟು ಕಟ್ಟುವ ಕೆಲಸ ಬೇಕಿಲ್ಲ. ಅದಕ್ಕೇ ಅವು ಎಷ್ಟೋ ಸಲ ಉಳಿದುಕೊಳ್ಳುತ್ತವೆ.

ಈ ಜಾಗವನ್ನು ಮೊದಲು ಗುರುತಿಸಿದ್ದು ಪ್ಯಾರಿಸ್‌ನ ವೈದ್ಯ ಪಾಲ್ ಬ್ರೋಕಾ, 1861ರಲ್ಲಿ. ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ಇದ್ದ. ಏನು ಕೇಳಿದರೂ "ತಾನ್, ತಾನ್" ಅನ್ನುತ್ತಿದ್ದ. ಜನರೂ ಅವನನ್ನು ತಾನ್ ಅಂತಲೇ ಕರೆಯುತ್ತಿದ್ದರು. ಅವನು ಸತ್ತ ಮೇಲೆ ಬ್ರೋಕಾ ಮಿದುಳನ್ನು ನೋಡಿದಾಗ ಎಡ ಮುಂಭಾಗದಲ್ಲಿ ಹಾನಿ ಕಾಣಿಸಿತು. ಮಿದುಳನ್ನು ಕತ್ತರಿಸದೆ ಹಾಗೇ ಕಾದಿಟ್ಟರು. ಅದರ ಎಂಆರ್‌ಐ ಅಧ್ಯಯನ 2007ರಲ್ಲಿ ಹೊರಬಂದಾಗ, ಬ್ರೋಕಾ ಕಂಡದ್ದಕ್ಕಿಂತ ಬಹಳ ಆಳದವರೆಗೂ ಹಾನಿ ಆಗಿದ್ದು ಗೊತ್ತಾಯಿತು. ಮಾತಿಗೆ ಒಂದೇ ಕೋಣೆ ಅಂತ ಇಲ್ಲ. ಕೋಣೆಗಳ ನಡುವಿನ ದಾರಿಗಳೂ ಅಷ್ಟೇ ಮುಖ್ಯ.

ಬಲಗೈ ಯಾಕೆ ಬಿತ್ತು ಅಂತ ಮನೆಯವರು ಕೇಳುತ್ತಾರೆ. ಬಲಗೈಯನ್ನು ಆಡಿಸುವುದೂ ಎಡ ಮಿದುಳೇ, ಆ ಭಾಗ ಬ್ರೋಕಾ ಜಾಗದ ನೆರೆಮನೆ. ಎರಡಕ್ಕೂ ರಕ್ತ ಬರುವುದು ಒಂದೇ ದೊಡ್ಡ ನಾಳದಿಂದ. ಅದು ಕಟ್ಟಿದರೆ ಮಾತು, ಬಲಗೈ, ಮುಖದ ಬಲಭಾಗ ಒಟ್ಟಿಗೆ ಹೋಗುತ್ತವೆ.

ನನಗೆ ಜಾಸ್ತಿ ಸಂಕಟ ಕೊಡುವುದು ಇನ್ನೊಂದು ಬಗೆ. ಹಾನಿ ಇನ್ನಷ್ಟು ಹಿಂದಕ್ಕೆ, ಎಡಗಿವಿಯ ಮೇಲೆ-ಹಿಂದೆ ಇರುವ ಭಾಗಕ್ಕೆ ಆದಾಗ ಕೈಕಾಲು ಗಟ್ಟಿಯಾಗಿಯೇ ಇರಬಹುದು. ಮಾತೂ ಸರಾಗ. ಆದರೆ ಅರ್ಥ ಇರುವುದಿಲ್ಲ. ಒಬ್ಬ ತಾಯಿಗೆ "ಊಟ ಆಯ್ತಾ?" ಅಂದೆ. "ಹ್ಞೂಂ, ಆ ಕೊಡೆ ತೊಳೆದು ಮೊನ್ನೆ ಬಾಗಿಲು ಹಾಕೊಂಡ್ ಹೋಯ್ತು ನೋಡಿ" ಅಂದರು, ನಗುನಗುತ್ತಾ. ನಾನು ಕೇಳಿದ್ದು ಅವರಿಗೆ ಅರ್ಥವಾಗಿರಲಿಲ್ಲ. ತಾವು ಹೇಳಿದ್ದು ತಪ್ಪು ಅಂತಲೂ ಗೊತ್ತಿರಲಿಲ್ಲ. ಇದನ್ನು 1874ರಲ್ಲಿ ವಿವರಿಸಿದ ಜರ್ಮನ್ ವೈದ್ಯ ಕಾರ್ಲ್ ವರ್ನಿಕೆಗೆ ಆಗ 26 ವರ್ಷ. ಕೈಕಾಲು ಬಿದ್ದಿಲ್ಲವಲ್ಲ, ಲಕ್ವ ಹೇಗಾಗುತ್ತೆ ಅಂತ ನಮ್ಮ ಜನ ಅಂದುಕೊಳ್ಳುತ್ತಾರೆ. ತಲೆ ಕೆಟ್ಟಿದೆ, ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿ ದಿನ ಕಳೆಯುತ್ತಾರೆ. ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಸಿಗುವ ಸಮಯ ಲಕ್ವ ಶುರುವಾದ ಹೊತ್ತಿನಿಂದ ನಾಲ್ಕೂವರೆ ಗಂಟೆ. ಇದ್ದಕ್ಕಿದ್ದಂತೆ ಮಾತು ತಲೆಬುಡ ಇಲ್ಲದಂತಾದರೆ ನೇರ ಆಸ್ಪತ್ರೆಗೆ ಓಡಿ.

ಬಲ ಮಿದುಳಿಗೆ ಪೆಟ್ಟು ಬಿದ್ದವರದ್ದು ಬೇರೆಯೇ ಕತೆ. ಮಾತು ಚೆನ್ನಾಗಿರುತ್ತದೆ, ಆದರೆ ಕೆಲವರಿಗೆ ಎಡಗಡೆಯ ಲೋಕವೇ ಇಲ್ಲದಂತಾಗುತ್ತದೆ. ಬಾಳೆಎಲೆ ಹಾಕಿ ಬಡಿಸಿದರೆ, ಎಡಗಡೆ ಇಟ್ಟ ಉಪ್ಪಿನಕಾಯಿ, ಕೋಸಂಬರಿ ಮುಟ್ಟುವುದಿಲ್ಲ. "ನನಗೆ ಬಡಿಸಲೇ ಇಲ್ಲ" ಅಂತ ಕೋಪ ಮಾಡಿಕೊಳ್ಳುತ್ತಾರೆ. ಎಲೆ ತಿರುಗಿಸಿ ಇಟ್ಟರೆ ತಿನ್ನುತ್ತಾರೆ. ಕಣ್ಣು ಸರಿಯಿದೆ, ಗಮನ ಆ ಕಡೆ ಹೋಗುತ್ತಿಲ್ಲ.

ಬಜೆಯ ವಿಷಯ ಹೇಳಿಬಿಡುತ್ತೇನೆ. ಲಕ್ವ ಆದ ಹೊಸದರಲ್ಲಿ ನುಂಗುವುದೂ ತಪ್ಪಿರಬಹುದು. ಬಾಯಿಗೆ ಹಾಕಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆದವರನ್ನು ನೋಡಿದ್ದೇನೆ. ನುಂಗುವ ಪರೀಕ್ಷೆ ಆಗುವವರೆಗೆ ಬಜೆ, ಜೇನು, ನೀರು ಏನೂ ಬೇಡ, ದಯವಿಟ್ಟು.

ಅಂಗಡಿಯ ಹಿರಿಯರಿಗೆ ನಾವು ಮೊದಲು ಮಾಡಿದ್ದು ರಾಗದ ಅಭ್ಯಾಸ. ಹಾಡುವುದರಲ್ಲಿ ಬಲ ಮಿದುಳಿನ ಕೈವಾಡ ಜಾಸ್ತಿ ಅನ್ನುವ ನಂಬಿಕೆಯಿಂದ 1970ರ ದಶಕದಲ್ಲಿ ಅಮೆರಿಕದಲ್ಲಿ ರೂಪಿಸಿದ ವಿಧಾನ ಇದು. ಎಡಗೈಯಿಂದ ಮೇಜು ತಟ್ಟುತ್ತಾ, ಏರಿಳಿಸಿ, "ನೀ-ರು ಬೇ-ಕು". ಎಲ್ಲರಿಗೂ ಇದು ಒಗ್ಗುವುದಿಲ್ಲ. ಇವರಿಗೆ ಒಗ್ಗಿತು. ಆರನೇ ವಾರಕ್ಕೆ ರಾಗ ಬಿಟ್ಟು ಮಾತು ಬರತೊಡಗಿತು. "ಮಗ... ಬೆಂಗಳೂರು... ಬಸ್ಸು" ಅಂದರು. ವಿಭಕ್ತಿ ಇಲ್ಲ, ಕ್ರಿಯಾಪದ ಇಲ್ಲ. ಆದರೂ ಮಗ ಊರಿಗೆ ಹೊರಟಿದ್ದಾನೆ ಅಂತ ನನಗೆ ತಿಳಿಯಿತು, ಅಲ್ವಾ?

ಅವರ ಹೆಂಡತಿಗೆ ನಾನು ಕೊಟ್ಟ ಕೆಲಸ ಕಷ್ಟದ್ದು. ಯಜಮಾನರಿಗೆ ಕಿವಿ ಚೆನ್ನಾಗಿದೆ, ಕಿರುಚಬೇಡಿ. ಅವರ ಎದುರೇ ಅವರ ಬಗ್ಗೆ ಮಾತಾಡಬೇಡಿ, ಬಹುಪಾಲು ಅವರಿಗೆ ತಿಳಿಯುತ್ತದೆ. ಪ್ರಶ್ನೆ ಕೇಳಿ, ಕಾಯಿರಿ. ಈಗ ಆಕೆ "ಕಾಫಿನಾ, ಟೀನಾ?" ಅಂತ ಕೇಳಿ ಸೆರಗಿನ ಮರೆಯಲ್ಲಿ ಬೆರಳು ಮಡಚುತ್ತಾ ಎಣಿಸುತ್ತಾರೆ. ಕಳೆದ ಸಲ ಎಂಟನೇ ಬೆರಳಿಗೆ ಉತ್ತರ ಬಂತು. "ಕಾಫಿ." ಸ್ವಲ್ಪ ತಡೆದು, "ಸ್ಟ್ರಾಂಗು."