ಎಂಟನೇ ಕ್ಲಾಸಿನ ಆಲ್ಜೀಬ್ರಾ: ಅಮೆರಿಕದಲ್ಲಿ ಒಂದು ಕ್ರೆಡಿಟ್‌ಗಾಗಿ ಇಷ್ಟು ಜಗಳ ಯಾಕೆ?

ಅಮೆರಿಕದ ಹೈಸ್ಕೂಲು ಒಂಬತ್ತರಿಂದ ಹನ್ನೆರಡರವರೆಗೆ, ನಾಲ್ಕು ವರ್ಷದ್ದು. ನಮ್ಮಲ್ಲಿಯ ಹಾಗೆ ಗಣಿತದ ಎಲ್ಲ ಭಾಗಗಳನ್ನೂ ಒಂದೇ ಪುಸ್ತಕದಲ್ಲಿಟ್ಟು ವರ್ಷವರ್ಷವೂ ಸ್ವಲ್ಪಸ್ವಲ್ಪ ಕಲಿಸುವ ಪದ್ಧತಿ ಅಲ್ಲಿ ಕಡಿಮೆ. ವರ್ಷಪೂರ್ತಿ ಆಲ್ಜೀಬ್ರಾ 1, ಮರುವರ್ಷ ಜಾಮಿಟ್ರಿ, ಆಮೇಲೆ ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕೊನೆಗೆ ಕ್ಯಾಲ್ಕುಲಸ್. ಎಣಿಸಿ ನೋಡಿದರೆ ಕೋರ್ಸು ಐದು, ವರ್ಷ ನಾಲ್ಕು. ಎಂಜಿನಿಯರಿಂಗ್ ಕನಸಿನ ಮಕ್ಕಳು ಹನ್ನೆರಡನೆಯ ತರಗತಿಯಲ್ಲಿ ಕ್ಯಾಲ್ಕುಲಸ್ ಓದಬೇಕೆಂದರೆ ಒಂದು ಕೋರ್ಸನ್ನು ಹೈಸ್ಕೂಲು ಸೇರುವ ಮುಂಚೆಯೇ ಮುಗಿಸಿಕೊಂಡು ಬರಬೇಕು.

ಹಾಗಾಗಿ ಎಂಟನೆಯಲ್ಲೇ ಆಲ್ಜೀಬ್ರಾ 1. ಮಗು ಕೂತಿರುವುದು ಮಿಡ್ಲ್ ಸ್ಕೂಲಿನಲ್ಲಿ, ಓದುತ್ತಿರುವುದು ಹೈಸ್ಕೂಲಿನ ಪಾಠ. ಪಾಸಾದರೆ ಬಹಳಷ್ಟು ರಾಜ್ಯಗಳಲ್ಲಿ ಹೈಸ್ಕೂಲಿನ ಖಾತೆಗೆ ಒಂದು ಕ್ರೆಡಿಟ್, ಅಂದರೆ ಒಂದು ವಿಷಯವನ್ನು ವರ್ಷಪೂರ್ತಿ ಓದಿ ಪಾಸಾದ ಲೆಕ್ಕ, ಮುಂಗಡವಾಗಿ ಜಮಾ ಆಗುತ್ತದೆ. ಹದಿಮೂರು ವರ್ಷದ ಮಕ್ಕಳ ಈ ಒಂದು ಪೀರಿಯಡ್ಡಿಗಾಗಿ ತಂದೆತಾಯಿಗಳು ಕೋರ್ಟು ಹತ್ತಿದ್ದಾರೆ, ಒಂದು ಮಹಾನಗರ ಮತವನ್ನೇ ಹಾಕಿದೆ.

ಈ ಕ್ರೆಡಿಟ್ ಎಂಬ ಅಳತೆಗೋಲು ಹುಟ್ಟಿದ್ದು ಮೇಷ್ಟ್ರುಗಳ ಪಿಂಚಣಿಯ ದೆಸೆಯಿಂದ. 1905ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ ಕಾಲೇಜು ಪ್ರಾಧ್ಯಾಪಕರ ಪಿಂಚಣಿಗೆಂದು ಒಂದು ಕೋಟಿ ಡಾಲರ್ ಎತ್ತಿಟ್ಟರು. ಹಣ ಹಂಚಬೇಕಾದ ಪ್ರತಿಷ್ಠಾನಕ್ಕೆ ಮೊದಲ ತೊಡಕು, ಯಾವುದನ್ನು ಕಾಲೇಜು ಎಂದು ಒಪ್ಪುವುದು ಎನ್ನುವುದೇ. ಆಗ ಹೈಸ್ಕೂಲಿಗೂ ಕಾಲೇಜಿಗೂ ನಡುವೆ ಗಟ್ಟಿಯಾದ ಗಡಿ ಇರಲಿಲ್ಲ. ಪ್ರವೇಶಕ್ಕೆ ಹೈಸ್ಕೂಲಿನ 14 ಯೂನಿಟ್ ಕೇಳುವ ಸಂಸ್ಥೆಗೆ ಮಾತ್ರ ಪಿಂಚಣಿ ಎಂದು ಪ್ರತಿಷ್ಠಾನ ಷರತ್ತು ಹಾಕಿತು. ಇಂದಿನ ಕ್ರೆಡಿಟ್ಟಿನ ಮೂಲವಾದ ಈ ಯೂನಿಟ್ ಎಂದರೆ ಒಂದು ವಿಷಯದಲ್ಲಿ ವರ್ಷಕ್ಕೆ ಸುಮಾರು 120 ಗಂಟೆ ಪಾಠ. ಪಿಂಚಣಿಯ ಆಸೆಗೆ ಕಾಲೇಜುಗಳು ಒಪ್ಪಿದವು, ಕಾಲೇಜಿನ ಆಸೆಗೆ ಹೈಸ್ಕೂಲುಗಳು ಹಿಂದೆಯೇ ಬಂದವು. ಇಡೀ ದೇಶದ ಶಾಲಾ ವ್ಯವಸ್ಥೆ ಗಂಟೆಯ ಲೆಕ್ಕಕ್ಕೆ ಕಟ್ಟುಬಿದ್ದದ್ದು ಹೀಗೆ. 2015ರಲ್ಲಿ ಅದೇ ಪ್ರತಿಷ್ಠಾನ ತನ್ನ ಅಳತೆಗೋಲನ್ನು ತಾನೇ ಪರೀಕ್ಷಿಸಿ, ಕೊರತೆಗಳಿವೆ, ಆದರೂ ಎಲ್ಲರೂ ಒಪ್ಪುವ ಬೇರೆ ಅಳತೆ ಸದ್ಯಕ್ಕೆ ಇಲ್ಲ ಎಂಬ ಅರ್ಥದ ವರದಿ ಕೊಟ್ಟಿತು.

ಬೀಜಗಣಿತವನ್ನು ಬೇಗ ಶುರುಮಾಡಬೇಕೆಂಬ ಮಾತು ಇದಕ್ಕಿಂತಲೂ ಹಳೆಯದು. ಹಾರ್ವರ್ಡಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಮುಂದಾಳತ್ವದ ‘ಹತ್ತು ಮಂದಿ ಸಮಿತಿ’ 1893ರ ಹೊತ್ತಿಗೇ, ಬೀಜಗಣಿತ, ವಿದೇಶಿ ಭಾಷೆಯಂಥ ವಿಷಯಗಳು ತಡವಾಗಿ ಶುರುವಾಗುತ್ತಿವೆ ಎಂದು ಹೇಳಿತ್ತು. 1909ರಲ್ಲಿ ಓಹಾಯೋದ ಕೊಲಂಬಸ್ಸಿನಲ್ಲಿ, ಮರುವರ್ಷ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ‘ಜೂನಿಯರ್ ಹೈಸ್ಕೂಲು’ ಬಂತು. ಏಳು, ಎಂಟು, ಒಂಬತ್ತು ತರಗತಿಗಳಿಗೆ ಬೇರೆ ಕಟ್ಟಡ. ಅಲ್ಲಿಯ ಒಂಬತ್ತನೆಯ ತರಗತಿ ಜೂನಿಯರ್ ಕಟ್ಟಡದಲ್ಲಿದ್ದರೂ ಅದರ ಯೂನಿಟ್‌ಗಳು ಹೈಸ್ಕೂಲಿನ ಲೆಕ್ಕಕ್ಕೇ ಸೇರುತ್ತಿದ್ದವು. ಅಂದರೆ ಕ್ರೆಡಿಟ್ಟಿಗೂ ಕಟ್ಟಡಕ್ಕೂ ಸಂಬಂಧ ಆಗಲೇ ಕಡಿದಿತ್ತು. 1960ರ ದಶಕದಿಂದ ಆರರಿಂದ ಎಂಟರವರೆಗಿನ ‘ಮಿಡ್ಲ್ ಸ್ಕೂಲು’ ಹಬ್ಬಿತು, ಒಂಬತ್ತು ಹೈಸ್ಕೂಲಿಗೆ ವಾಪಸಾಯಿತು. ಅಷ್ಟರಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯ ಎಪಿ ಪರೀಕ್ಷೆಗಳು, ಅಂದರೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಓದಿ ಬರೆಯುವ ಪರೀಕ್ಷೆಗಳು, 1956ರಿಂದ ನಡೆಯುತ್ತಿದ್ದವು, 1957ರಲ್ಲಿ ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹುಟ್ಟಿಸಿದ ಗಾಬರಿಯೂ ಸೇರಿಕೊಂಡು ಹೈಸ್ಕೂಲಿನ ಗಣಿತಕ್ಕೆ ಕ್ಯಾಲ್ಕುಲಸ್ಸೇ ಶಿಖರ ಎಂಬ ಭಾವನೆ ಬೇರೂರುತ್ತಿತ್ತು. ಶಿಖರ ಮೇಲೇರಿತು, ಮೆಟ್ಟಿಲಿಗೆ ಇದ್ದ ವರ್ಷ ಮಾತ್ರ ನಾಲ್ಕೇ. ಒತ್ತಡವೆಲ್ಲ ಎಂಟನೆಯ ತರಗತಿಯ ಮೇಲೆ ಬಿತ್ತು.

ಯಾರು ಆ ತರಗತಿಗೆ ಹೋಗುತ್ತಾರೆ ಎಂಬುದು ಹಕ್ಕಿನ ಪ್ರಶ್ನೆಯೂ ಹೌದು ಎಂದು ಗಟ್ಟಿದನಿಯಲ್ಲಿ ಕೇಳಿದವರು ಬಾಬ್ ಮೋಸಸ್. 1964ರಲ್ಲಿ ಮಿಸಿಸಿಪ್ಪಿಯ ಕಪ್ಪು ಜನರಿಗೆ ಮತದಾನದ ಹಕ್ಕಿಗಾಗಿ ಹೋರಾಡಿದ ಅದೇ ಮೋಸಸ್. 1982ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಊರಿನಲ್ಲಿ ಎಂಟನೆಯ ತರಗತಿಗೆ ಬಂದಿದ್ದ ಅವರ ಮಗಳ ಶಾಲೆಯಲ್ಲಿ ಆಲ್ಜೀಬ್ರಾ ಪಾಠವೇ ಇರಲಿಲ್ಲ. ತಾವೇ ಕಲಿಸಲು ಕೂತರು. ಅದು ‘ಆಲ್ಜೀಬ್ರಾ ಪ್ರಾಜೆಕ್ಟ್’ ಎಂಬ ಚಳವಳಿಯಾಗಿ ಬೆಳೆಯಿತು. ಮತದ ಹಕ್ಕಿಲ್ಲದವನ ಹಾಗೆ ಗಣಿತ ಬಾರದವನೂ ಮುಂದಿನ ಕಾಲದಲ್ಲಿ ಹೊರಗೆ ಉಳಿಯುತ್ತಾನೆ ಎನ್ನುವುದು ಅವರ ವಾದ.

ವಾದ ಗೆದ್ದಿತು, ಆದರೆ ಅತಿಯಾಗಿ ಗೆದ್ದಿತೇನೋ. ಎಂಟನೆಯಲ್ಲಿ ಆಲ್ಜೀಬ್ರಾ ಓದುವವರು 1990ರಲ್ಲಿ ನೂರಕ್ಕೆ 16 ಮಂದಿ ಇದ್ದವರು 2007ರ ಹೊತ್ತಿಗೆ 31ಕ್ಕೆ ಏರಿದರು. 2008ರಲ್ಲಿ ಕ್ಯಾಲಿಫೋರ್ನಿಯಾದ ಶಿಕ್ಷಣ ಮಂಡಳಿ ಎಂಟನೆಯವರೆಲ್ಲರಿಗೂ ಆಲ್ಜೀಬ್ರಾ ಪರೀಕ್ಷೆಯನ್ನೇ ಕಡ್ಡಾಯ ಮಾಡಲು ಹೊರಟಿತು, ಕೋರ್ಟು ತಡೆಯಿತು. ಮೋಸಸ್ ಪಾಠ ಕಟ್ಟಿ ತೋರಿಸಿದ್ದರು, ಸರ್ಕಾರಗಳು ಪರೀಕ್ಷೆಯ ಹೆಸರನ್ನಷ್ಟೇ ಬದಲಾಯಿಸಲು ನೋಡಿದವು ಎಂದು ನನಗನ್ನಿಸುತ್ತದೆ. ಉತ್ತರ ಕೆರೊಲೈನಾದ ಶಾರ್ಲಟ್‌ನಲ್ಲಿ 2002ರ ಸುಮಾರಿಗೆ ಸಾಧಾರಣ ಅಂಕದ ಮಕ್ಕಳನ್ನೂ ಒಟ್ಟಿಗೆ ಎಂಟನೆಯ ಆಲ್ಜೀಬ್ರಾಕ್ಕೆ ತಳ್ಳಿದ್ದರು. ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಆಮೇಲೆ ನೋಡಿದಾಗ, ಹೀಗೆ ಮುಂದೆ ತಳ್ಳಿಸಿಕೊಂಡ ಮಕ್ಕಳ ಆಲ್ಜೀಬ್ರಾ ಅಂಕ ಇಳಿದಿತ್ತು, ಮುಂದಿನ ಜಾಮಿಟ್ರಿ ಪಾಸು ಮಾಡುವ ಸಾಧ್ಯತೆಯೂ ಕುಗ್ಗಿತ್ತು. ಕ್ರೆಡಿಟ್ ಬೇಗ ಸಿಕ್ಕಿತು, ಬುನಾದಿ ಸಿಗಲಿಲ್ಲ.

ಆಗ ಲೋಲಕ ಇನ್ನೊಂದು ತುದಿಗೆ ಹೋಯಿತು. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಶಾಲಾ ಜಿಲ್ಲೆ (ಊರಿನ ಸರ್ಕಾರಿ ಶಾಲೆಗಳ ಆಡಳಿತ) ಎಂಟನೆಯ ಆಲ್ಜೀಬ್ರಾವನ್ನೇ ತೆಗೆದುಹಾಕಿ, ಎಲ್ಲರಿಗೂ ಒಂಬತ್ತರಲ್ಲಿ ಎಂದಿತು. ಮಕ್ಕಳನ್ನು ಹನ್ನೆರಡರ ಪ್ರಾಯದಲ್ಲೇ ಜಾಣರು, ದಡ್ಡರು ಎಂದು ಬೇರ್ಪಡಿಸುವುದು ಬೇಡ ಎನ್ನುವುದು ಉದ್ದೇಶ. ಆದರೆ ಕ್ಯಾಲ್ಕುಲಸ್ ಅಲ್ಲೇ ಇತ್ತು, ನಾಲ್ಕು ವರ್ಷವೂ ಅಷ್ಟೇ ಇತ್ತು. ದುಡ್ಡಿದ್ದವರು ಹೊರಗಿನ ಆನ್‌ಲೈನ್ ಕೋರ್ಸಿಗೆ ಕಟ್ಟಿ ಮಕ್ಕಳನ್ನು ದಾಟಿಸಿದರು. ಇಲ್ಲದವರ ಮಕ್ಕಳು ಎರಡು ಕೋರ್ಸನ್ನು ಒಂದೇ ವರ್ಷಕ್ಕೆ ಅಡಕಿದ ತರಗತಿಯನ್ನು ನೆಚ್ಚಬೇಕಾಯಿತು. ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲಿ ಕಂಡ ಹಾಗೆ ಎಪಿ ಗಣಿತ ಓದುವವರಲ್ಲಿ ಜನಾಂಗಗಳ ನಡುವಿನ ಅಂತರ ಹೆಚ್ಚುಕಮ್ಮಿ ಹಾಗೇ ಉಳಿದಿತ್ತು. ಪೋಷಕರು ದಾವೆ ಹೂಡಿದರು. 2024ರ ಫೆಬ್ರವರಿಯಲ್ಲಿ ಶಾಲಾ ಮಂಡಳಿ ಆಲ್ಜೀಬ್ರಾವನ್ನು ವಾಪಸ್ ತರಲು ಒಪ್ಪಿತು. ಮರುತಿಂಗಳು, ಎಂಟನೆಯ ಆಲ್ಜೀಬ್ರಾವನ್ನು ವಾಪಸ್ ತನ್ನಿ ಎನ್ನುವ ‘ಪ್ರಾಪೊಸಿಷನ್ ಜಿ’ ಎಂಬ ನಗರದ ಮತಪ್ರಸ್ತಾವಕ್ಕೆ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಹೌದು ಎಂದು ಮತ ಹಾಕಿದರು. ಆ ಮತಕ್ಕೆ ಕಾನೂನಿನ ಬಲವಿರಲಿಲ್ಲ, ಸಿಟ್ಟಿನ ಬಲವಿತ್ತು. ಸೋಜಿಗವೆಂದರೆ ಮೋಸಸ್ ಪಾಠ ಶುರುಮಾಡಿದ ಕೇಂಬ್ರಿಜ್ ಕೂಡ 2017ರಿಂದೀಚೆಗೆ ಮಿಡ್ಲ್ ಸ್ಕೂಲಿನ ಮುಂದುವರಿದ ಗಣಿತವನ್ನು ನಿಲ್ಲಿಸಿ, ಪೋಷಕರ ಒತ್ತಾಯಕ್ಕೆ ಮಣಿದು ಎಂಟನೆಯ ಆಲ್ಜೀಬ್ರಾವನ್ನು ಮರಳಿ ತರಬೇಕಾಯಿತು.

ಎಲ್ಲರಿಗೂ ಕೊಡುವುದು, ಯಾರಿಗೂ ಕೊಡದಿರುವುದು, ಎರಡೂ ಸೋತ ಮೇಲೆ ಕೆಲವು ರಾಜ್ಯಗಳು ಬೇರೆ ದಾರಿ ಹಿಡಿದಿವೆ. ಹಿಂದೆ ಯಾರು ಆಲ್ಜೀಬ್ರಾಕ್ಕೆ ತಯಾರು ಎಂದು ಹೇಳುತ್ತಿದ್ದವರು ಬಹಳ ಕಡೆ ಟೀಚರು. ಜೊತೆಗೆ ಮಾತು ಬಲ್ಲ ಪೋಷಕರ ಒತ್ತಡ. ಒಳ್ಳೆಯ ಅಂಕವಿದ್ದ ಬಡವರ ಮಕ್ಕಳೂ ಹೊರಗುಳಿಯುತ್ತಿದ್ದರು. ಉತ್ತರ ಕೆರೊಲೈನಾ 2018ರಲ್ಲಿ ಕಾನೂನು ಮಾಡಿ, ಏಳನೆಯ ರಾಜ್ಯ ಪರೀಕ್ಷೆಯಲ್ಲಿ ಅತಿ ಎತ್ತರದ ಶ್ರೇಣಿ ಪಡೆದ ಮಗುವನ್ನು ಎಂಟನೆಯಲ್ಲಿ ಹೈಸ್ಕೂಲ್ ಮಟ್ಟದ ಗಣಿತಕ್ಕೆ ಸೇರಿಸಲೇಬೇಕು ಎಂದಿತು. ಟೆಕ್ಸಸ್ 2023ರಲ್ಲಿ, ಐದನೆಯ ತರಗತಿಯ ಗಣಿತದಲ್ಲಿ ಮೇಲಿನ ನೂರಕ್ಕೆ 40ರಲ್ಲಿರುವ ಮಕ್ಕಳು ಆರನೆಯಲ್ಲಿ ತಾವಾಗಿಯೇ ಮುಂದುವರಿದ ಗಣಿತಕ್ಕೆ ಸೇರುವಂತೆ ಮಾಡಿತು. ಬೇಡವೆನ್ನುವ ಪೋಷಕರು ಬರೆದುಕೊಡಬೇಕು. ಕೇಳಿದವರಿಗೆ ಕೊಡುವುದರ ಬದಲು ಬೇಡವೆಂದವರನ್ನು ಬಿಡುವ ಈ ಕ್ರಮ ನನಗೆ ಈ ನೂರು ವರ್ಷದ ಜಗ್ಗಾಟದಲ್ಲೇ ಹೆಚ್ಚು ಬುದ್ಧಿವಂತಿಕೆಯದ್ದಾಗಿ ಕಾಣುತ್ತದೆ.

ಇನ್ನು ಗ್ರೇಡಿನ ಮಾತು. ಹದಿಮೂರರಲ್ಲಿ ಬಿದ್ದ ‘ಸಿ’ ಕಾಲೇಜಿನ ಅರ್ಜಿಯವರೆಗೂ ಬೆನ್ನು ಹತ್ತಬೇಕೇ? ವರ್ಜೀನಿಯಾದಲ್ಲಿ ಪೋಷಕರು ಕೇಳಿಕೊಂಡರೆ ಅಂಥ ಕೋರ್ಸನ್ನು ಹೈಸ್ಕೂಲಿನ ಅಂಕದಾಖಲೆಯಾದ ಟ್ರಾನ್ಸ್‌ಕ್ರಿಪ್ಟಿನಿಂದ ತೆಗೆಯುತ್ತಾರೆ, ಕ್ರೆಡಿಟ್ಟೂ ಹೋಗುತ್ತದೆ. ಫ್ಲಾರಿಡಾದಲ್ಲಿ ಮಿಡ್ಲ್ ಸ್ಕೂಲಿನವರು ಹೈಸ್ಕೂಲ್ ಕೋರ್ಸಿನಲ್ಲಿ ‘ಸಿ’ ಅಥವಾ ಅದಕ್ಕಿಂತ ಕಡಿಮೆ ಪಡೆದರೆ ಮತ್ತೆ ಓದಿ ಹಳೆಯ ಗ್ರೇಡನ್ನು ಬದಲಾಯಿಸಿಕೊಳ್ಳಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಏಳು, ಎಂಟನೆಯಲ್ಲಿ ಓದಿದ ಗಣಿತವನ್ನೂ ಇಂಗ್ಲಿಷೇತರ ಭಾಷೆಯನ್ನೂ ಪ್ರವೇಶದ ವಿಷಯಪಟ್ಟಿಗೆ ಒಪ್ಪುತ್ತದೆ, ಗ್ರೇಡುಗಳ ಸರಾಸರಿಯಾದ ಜಿಪಿಎಗೆ ಆ ಗ್ರೇಡುಗಳನ್ನು ಹಿಡಿಯುವುದಿಲ್ಲ.

ಆ ‘ಇಂಗ್ಲಿಷೇತರ ಭಾಷೆ’ ಎಂಬಲ್ಲಿ ನಮ್ಮವರಿಗೂ ಒಂದು ಬಾಗಿಲಿದೆ. ಅಮೆರಿಕದ ಕನ್ನಡ ಕೂಟಗಳೂ ಸ್ವಯಂಸೇವಕರೂ ನಡೆಸುವ ವಾರಾಂತ್ಯದ ಶಾಲೆಗಳಲ್ಲಿ ಕನ್ನಡ ಕಲಿತವರಿಗೆ ಕೆಲವು ಶಾಲಾ ಜಿಲ್ಲೆಗಳು ವಿದೇಶಿ ಭಾಷೆಯ ಕ್ರೆಡಿಟ್ ಕೊಡುತ್ತವೆ. ಮಗು ಮಿಡ್ಲ್ ಸ್ಕೂಲಿನಲ್ಲಿದ್ದಾಗಲೇ ಅದು ದಾಖಲಾಗುತ್ತದೋ ಇಲ್ಲವೋ ಎನ್ನುವುದು ಜಿಲ್ಲೆಯಿಂದ ಜಿಲ್ಲೆಗೆ ಬೇರೆ. ಶಾಲೆಯ ಕೌನ್ಸೆಲರನ್ನು ಮೊದಲೇ ಕೇಳಿಕೊಳ್ಳುವುದು ಕ್ಷೇಮ. ಆಲ್ಜೀಬ್ರಾದ ಹಾಗೆ ಇಲ್ಲಿ ಸೀಟಿಗೆ ಜಗಳವಿಲ್ಲ. ಭಾನುವಾರ ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ ಕಾರು ಹತ್ತಿಸುವ ಜಗಳ ಮಾತ್ರ ಮನೆಮನೆಯಲ್ಲೂ ಇದ್ದೇ ಇದೆ.